ಕೊಸರಿಗೆ ಒಂದು ಗ್ರಹ

ಎತ್ತರ ಐದಡಿ ಎರಡಂಗುಲ. ತೂಕ ಚೀಲ ಸಮೇತ ಎಪ್ಪತ್ತೊಂದು ಕಿಲೋ, ಚೀಲ ಇಳಿಸಿದರೆ ಐವತ್ತೆಂಟು. ವಯಸ್ಸು ಅರವತ್ತೇಳಾದರೂ ಸರಕಿಗೆ ಮುಗ್ಗು ಹಿಡಿದಿಲ್ಲ. ಹೊರಗಿನ ಹೊದಿಕೆ ಸಾಧಾರಣ: ಇಸ್ತ್ರಿ ಕಂಡ ಬಿಳಿ ಅರ್ಧ ತೋಳಿನ ಅಂಗಿ, ಮೊಣಕಾಲಿನಲ್ಲಿ ಹೊಳಪು ಬಂದ ಕಂದು ಪ್ಯಾಂಟು, ಎಡ ಹಿಮ್ಮಡಿ ಹೆಚ್ಚು ಸವೆದ ಚಪ್ಪಲಿ. ಚೀಲ ಯಾವಾಗಲೂ ಎಡ ಹೆಗಲಲ್ಲೇ ಇರುತ್ತದೆ ಎಂಬುದಕ್ಕೆ ಆ ಹಿಮ್ಮಡಿಯೇ ಸಾಕ್ಷಿ. ಬೆರಳುಗಳು ಮಾತ್ರ ಬೇರೆ ಅಂಗಡಿಯಿಂದ ತಂದು ಜೋಡಿಸಿದ ಹಾಗೆ ಉದ್ದ, ತೆಳು, ಒಂದಿಷ್ಟೂ ಆತುರವಿಲ್ಲದವು. ಒಟ್ಟಿನಲ್ಲಿ ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಎದುರಾದರೆ ಯಾವ ವ್ಯಾಪಾರಿಯೂ ನಿಂತು ದರ ಕೇಳುವ ಮಾಲಲ್ಲ. ಬೂಬ ಕುಲಾಲರ ವಿಷಯದಲ್ಲಿ ಒಳ್ಳೊಳ್ಳೆಯ ವ್ಯಾಪಾರಿಗಳು ಎಡವಿದ್ದು ಇಲ್ಲಿಯೇ.

ಬೂಬಣ್ಣನ ಕಸುಬು ತಕ್ಕಡಿ ರಿಪೇರಿ. ಮೂವತ್ತೆಂಟು ವರ್ಷಗಳಿಂದ ಠಾಣೆಯಿಂದ ಅಂಬರನಾಥದವರೆಗೆ, ಆಚೆ ರಬಾಳೆ-ಘಣಸೋಲಿಯವರೆಗೆ, ತೂಗಿ ಮಾರುವವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಆ ಚೀಲ ಹೋಗಿ ಬಂದಿದೆ. ಕಿರಾಣಿ ಅಂಗಡಿಯ ತಕ್ಕಡಿ, ಗುಜರಿಯವನ ಕೊಕ್ಕೆ ತಕ್ಕಡಿ, ಕಾರ್ಖಾನೆಯ ನೆಲಕ್ಕೆ ಹೂತ ತಕ್ಕಡಿ, ಕಲ್ಯಾಣದ ಚಿನ್ನದ ಗಲ್ಲಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕುಳಿತು ಉಸಿರು ತಾಗಿದರೂ ಮುನಿಸಿಕೊಳ್ಳುವ ತಕ್ಕಡಿ, ಎಲ್ಲವೂ ಅವರ ಕೈ ಬಲ್ಲವು. ಚೀಲದೊಳಗೊಂದು ಮರದ ಪೆಟ್ಟಿಗೆ. ಅದರ ಮಖಮಲ್ಲಿನ ಗೂಡುಗಳಲ್ಲಿ ಉಕ್ಕಿನ ತೂಕದ ಬಟ್ಟುಗಳು ತೊಟ್ಟಿಲ ಮಕ್ಕಳ ಹಾಗೆ ಸಾಲಾಗಿ ಮಲಗಿರುತ್ತವೆ. ಅವನ್ನು ಕೈಯಿಂದ ಮುಟ್ಟುವಂತಿಲ್ಲ, ಚಿಮಟದಿಂದಲೇ ಎತ್ತಬೇಕು. ಬೆವರಿಗೂ ತೂಕವಿದೆ ಎನ್ನುವುದು ಬೂಬಣ್ಣನ ಮೊದಲ ಪಾಠ.

ಕೂಲಿಯ ವಿಷಯದಲ್ಲಿ ಅವರು ಚೌಕಾಶಿ ಮಾಡುವುದಿಲ್ಲ. ಕೊಸರನ್ನು ಮಾತ್ರ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಕಿರಾಣಿಯವನಲ್ಲಿ ಒಂದು ಹಿಡಿ ಹುರಿಗಡಲೆ, ತರಕಾರಿಯವನಲ್ಲಿ ಒಂದೆಸಳು ಕರಿಬೇವು, ಹೂವಿನವಳಲ್ಲಿ ಒಂದು ಗೊಂಡೆ ಹೂವು. ಕೂಲಿ ಕೆಲಸಕ್ಕೆ, ಕೊಸರು ಸಂಬಂಧಕ್ಕೆ ಎಂದು ಅವರ ಲೆಕ್ಕ. ಕೊಸರು ಕೊಡದವನ ತಕ್ಕಡಿ ಮುಂದಿನ ಸಲ ಎರಡು ದಿನ ತಡವಾಗಿ ರಿಪೇರಿಯಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಗೊತ್ತಿರಬೇಕಾದವರಿಗೆಲ್ಲ ಗೊತ್ತಿದೆ.

ಹೀಗಿರುವಾಗ ಹದಿನಾಲ್ಕು ವರ್ಷಗಳ ಹಿಂದೆ ಕಲ್ಯಾಣದ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿಗೆ ಅವರು ಹೋದರು. ಲ್ಯಾಬಿನ ಒಡತಿ ಅಪರ್ಣಾ ಮೇಡಂ, ಧಾರವಾಡದ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಮಾತು ಇನ್ನೂ ಕಲ್ಯಾಣದ ನೀರು ಕುಡಿದಿರಲಿಲ್ಲ. ಬೂಬಣ್ಣ ಆರು ತಕ್ಕಡಿಗಳನ್ನು ಸರಿಮಾಡಿ, ಕೈ ಒರೆಸಿಕೊಂಡು, ಎಂದಿನಂತೆ ನಿಂತರು.

“ಕೆಲಸ ಆತೇನ್ರಿ?” ಎಂದರು ಮೇಡಂ.

“ಆಯ್ತು ಮೇಡಂ. ಕೊಸರು ಎಂತ ಕೊಡ್ತೀರಿ?”

“ಕೊಸರಾ? ನನ್ನ ಲ್ಯಾಬ್‌ನ್ಯಾಗ ಕೊಡಾಕ ಏನೈತ್ರಿ? ಸ್ಪ್ರಿಂಗು, ಲೋಲಕ, ಒಡದ ಲೆನ್ಸು.”

ಬೂಬಣ್ಣ ಸುತ್ತ ನೋಡಿದರು. ಗೋಡೆಯಲ್ಲಿ ಒಂದು ಚಿತ್ರ ನೇತಾಡುತ್ತಿತ್ತು. “ಆ ಬಟಾಟೆ ಎಂತದು?”

“ಅದು ಬಟಾಟಿ ಅಲ್ರಿ. ಮಂಗಳ ಗ್ರಹದ ಚಂದ್ರ. ಫೋಬೋಸ್ ಅಂತ.”

“ಚಂದ್ರ ಅಂದ್ರೆ ಉರುಟು ಇರ್ಬೇಕಲ್ವಾ?”

“ಉರುಟ ಆಗೋವಷ್ಟು ಅದಕ್ಕ ತೂಕ ಇಲ್ರಿ.”

ತೂಕವನ್ನೇ ಉಂಡು, ತೂಕವನ್ನೇ ಹೊತ್ತು ತಿರುಗಿದ ಮನುಷ್ಯನಿಗೆ ಈ ಮಾತು ನೇರ ಎದೆಗೆ ನಾಟಿತು. ತೂಕ ಕಡಿಮೆಯಾದರೆ ಬೆಲೆ ಕಡಿಮೆಯಾಗುವುದನ್ನು ಅವರು ದಿನವೂ ನೋಡಿದ್ದರು. ಆಕಾರ ತಪ್ಪುವುದು ಹೊಸ ಸುದ್ದಿ. ಅಲ್ಲೇ ಸ್ಟೂಲಿನ ಮೇಲೆ ಕುಳಿತರು.

“ನೋಡ್ರಿ,” ಎಂದರು ಮೇಡಂ, ಚಾಕ್‌ಪೀಸು ಎತ್ತಿಕೊಂಡು. “ಯಾವುದ ವಸ್ತು ಇರ್ಲಿ, ಅದರ ಒಂದೊಂದು ಚೂರೂ ಇನ್ನೊಂದನ್ನ ಎಳೀತೈತಿ. ಎಲ್ಲಾ ಚೂರಿಗೂ ನಟ್ಟನಡುವಿಗೆ ಬರೋ ಆಸೆ. ಸಣ್ಣ ಕಲ್ಲಿದ್ರ ಆ ಎಳತ ಸಾಲಂಗಿಲ್ಲ, ಕಲ್ಲಿನ ಗಟ್ಟಿತನಾನ ಗೆಲ್ತೈತಿ. ಬಟಾಟಿ ಬಟಾಟಿ ಆಗೇ ಉಳೀತೈತಿ. ಆದ್ರ ನೂರಾರು ಮೈಲಿ ಅಗಲ ಆತು ಅಂದ್ರ ಕಲ್ಲೂ ಸೋಲ್ತೈತಿ. ಎದ್ದು ನಿಂತಿದ್ದು ಕುಸೀತೈತಿ, ತಗ್ಗಿದ್ದು ತುಂಬ್ತೈತಿ. ಎಲ್ಲಾ ಕಡಿಂದಾನೂ ನಡುವಿಗೆ ಒಂದ ದೂರ ಇರೋ ಆಕಾರ ಯಾವುದು ಹೇಳ್ರಿ?”

“ಉಂಡೆ.”

“ಹೂಂ, ಉಂಡಿ. ತಗೋರಿ ನಿಮ್ಮ ಕೊಸರು.”

ಆ ಸಂಜೆ ಬೂಬಣ್ಣ ಕಲ್ಯಾಣದಿಂದ ಡೊಂಬಿವಲಿಗೆ ನಿಂತುಕೊಂಡೇ ಬಂದರು. ನಿಂತುಕೊಂಡು ಎನ್ನುವುದಕ್ಕಿಂತ ಹಿಡಿಸಿಕೊಂಡು ಎನ್ನಬೇಕು. ಡಬ್ಬಿಯೊಳಗೆ ಎಲ್ಲರೂ ಎಲ್ಲರನ್ನೂ ನಡುವಿಗೆ ಒತ್ತುತ್ತಿದ್ದರು. ಮೊಣಕೈ ಹೊರಗಿಟ್ಟವನ ಮೊಣಕೈ ತಾನಾಗಿಯೇ ಒಳಗೆ ಸೇರಿತು. ಛತ್ರಿ ಅಡ್ಡ ಹಿಡಿದವನ ಛತ್ರಿ ನೆಟ್ಟಗಾಯಿತು. ಯಾರೂ ಯಾರಿಗೂ ಹೇಳಲಿಲ್ಲ, ಆದರೂ ಆ ಗುಂಪಿಗೆ ಒಂದು ಉರುಟು ಬಂತು. ಮಧ್ಯಾಹ್ನ ಅಂಬರನಾಥದ ಖಾಲಿ ಗಾಡಿಯಲ್ಲಿ ಬೇಕಾದರೆ ನೋಡಿ: ಒಬ್ಬ ಎದುರು ಸೀಟಿಗೆ ಕಾಲು ಚಾಚಿ, ಒಬ್ಬ ಕಿಟಕಿಗೆ ಒರಗಿ, ಒಬ್ಬ ಮುದುಡಿ ಮಲಗಿ, ಎಲ್ಲ ತಮ್ಮ ತಮ್ಮ ಆಕಾರದಲ್ಲಿ. ಅದು ಬಟಾಟೆ. ಆರು ಗಂಟೆಯ ಲೋಕಲ್ಲು ಗ್ರಹ. ಬೂಬಣ್ಣ ಆ ನೂಕಿನಲ್ಲಿ ಕಣ್ಣು ಮುಚ್ಚಿದರು. ತಾನು ಒಂದು ಕಲ್ಲಿನ ಚೂರು, ಎಂದೋ ಒಂದು ಕಾಲದಲ್ಲಿ ಮೆಲ್ಲಗೆ ಒಂದು ಲೋಕದ ನಡುವಿಗೆ ಇಳಿಯುತ್ತಿದ್ದೇನೆ ಎಂದು ಅನ್ನಿಸಿತು. ಡೊಂಬಿವಲಿಯಲ್ಲಿ ಇಳಿಯುವುದು ಮರೆತು ದಿವಾದವರೆಗೆ ಹೋದರು.

ಅಂದಿನಿಂದ ವರ್ಷಕ್ಕೊಮ್ಮೆ ಲ್ಯಾಬಿನ ಕೆಲಸ, ವರ್ಷಕ್ಕೊಂದು ಗ್ರಹ ಕೊಸರು. ಕೆಲವು ವರ್ಷ ಉಪಗ್ರಹ, ಒಂದು ವರ್ಷ ಬರಿಯ ಬೆಟ್ಟ. ಮಂಗಳದಲ್ಲಿ ಎಳೆತ ಕಡಿಮೆ, ಹಾಗಾಗಿ ಅಲ್ಲಿನ ಒಂದು ಬೆಟ್ಟ ನಮ್ಮ ಹಿಮಾಲಯದ ಎರಡೂವರೆ ಪಟ್ಟು ಎತ್ತರ ನಿಂತಿದೆ, ಅಷ್ಟು ಎತ್ತರದ್ದು ಇಲ್ಲಿದ್ದರೆ ತನ್ನ ಭಾರಕ್ಕೆ ತಾನೇ ಬುಡ ಕುಸಿಯುತ್ತಿತ್ತು ಎಂದು ಕೇಳಿದಾಗ ಬೂಬಣ್ಣ ಒಂದು ವಾರ ಮುಂಬ್ರಾದ ಗುಡ್ಡವನ್ನು ಅನುಕಂಪದಿಂದ ನೋಡಿದರು. ಇನ್ನೊಂದು ವರ್ಷ ಸತ್ತ ನಕ್ಷತ್ರ ಸಿಕ್ಕಿತು. ಅದರ ಅಗಲ ಠಾಣೆಯಿಂದ ಕಲ್ಯಾಣಕ್ಕೆ ಇರುವಷ್ಟೇ, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಅದರ ಮೇಲೆ ಬೆಟ್ಟವಿದ್ದರೆ ಅಕ್ಕಿಕಾಳಿನಷ್ಟೂ ಎತ್ತರವಿರಲಾರದು. “ಅಲ್ಲಿ ನನ್ನ ಕಸುಬು ನಡೆಯುವುದಿಲ್ಲ,” ಎಂದರು ಬೂಬಣ್ಣ. “ತಕ್ಕಡಿಯೇ ಚಪ್ಪಟೆ ಆಗ್ತದೆ.”

ಶನಿಯನ್ನು ತಂದ ವರ್ಷ ಮನೆಯಲ್ಲಿ ಜಗಳವಾಯಿತು. ಹೆಂಡತಿ ಗಂಗಾ ಸೊಂಟಕ್ಕೆ ಕೈಯಿಟ್ಟು ನಿಂತರು.

“ಬೇರೆಯವರು ಶನಿ ಬಿಡ್ಲಿ ಅಂತ ಎಣ್ಣೆ ಕೊಡ್ತಾರೆ. ನೀವು ಕೊಸರಿಗೆ ಮನೆಗೆ ತರ್ತೀರಾ?”

“ಸುಮ್ಮನಿರು ಮಾರಾಯ್ತಿ. ಅದರ ಸೊಂಟ ಕೇಳು. ಹತ್ತೂವರೆ ಗಂಟೆಗೆ ಒಂದು ಸುತ್ತು. ಆ ಗಿರಕಿಗೆ ನಡು ಉಬ್ಬಿ, ತಲೆ-ಬುಡ ಚಪ್ಪಟೆ ಆಗಿದೆ. ಅಪ್ಪನ ಚಕ್ರದ ಮಣ್ಣಿನ ಹಾಗೆ.”

ಬೂಬಣ್ಣನ ಅಪ್ಪ ಕಾರ್ಕಳದ ಆಚೆ ಮಡಕೆ ಮಾಡುತ್ತಿದ್ದರು. ಚಕ್ರದ ಮೇಲೆ ಹಸಿ ಮಣ್ಣಿನ ಮುದ್ದೆ ಕೂರಿಸಿ ತಿರುಗಿಸಿದರೆ, ಕೈ ಸೋಕುವ ಮೊದಲೇ ಅದು ನಡುವಿನಲ್ಲಿ ಚೂರು ಹರಡಿಕೊಳ್ಳುವುದನ್ನು ಮಗ ಎಷ್ಟೋ ಸಲ ನೋಡಿದ್ದ. ಮಣ್ಣಿಗೂ ಹೊರಗೆ ಹೋಗುವ ಮನಸ್ಸಿರುತ್ತದೆ, ಅದನ್ನು ಒಳಗೆ ಹಿಡಿಯುವುದೇ ಕುಂಬಾರಿಕೆ ಎನ್ನುತ್ತಿದ್ದರು ಅಪ್ಪ. ಆಕಾಶದಲ್ಲಿಯೂ ಇದೇ ಹಗ್ಗಜಗ್ಗಾಟ, ಒಳಗೆಳೆಯುವ ತೂಕ ಮತ್ತು ಹೊರಗೆಸೆಯುವ ಗಿರಕಿ, ಎಂದು ಮೇಡಂ ಹೇಳಿದ ದಿನ ಬೂಬಣ್ಣ ಲ್ಯಾಬಿನ ಕಿಟಕಿಗೆ ಹೋಗಿ ತಲೆಯೆತ್ತಿ ನೋಡಿದರು. ಐವತ್ತು ವರ್ಷದ ಹಿಂದೆ ಬಿಟ್ಟುಬಂದ ಚಕ್ರ ಮೇಲೆ ಎಲ್ಲೋ ಇನ್ನೂ ತಿರುಗುತ್ತಿತ್ತು.

ಇಷ್ಟೆಲ್ಲ ಕಂಡವರಿಗೆ ಹೊಡೆತ ಬಿದ್ದದ್ದು ಆಕಾಶದಿಂದಲ್ಲ, ಉಡುಪಿಯಿಂದ.

ಕಲ್ಯಾಣದ ಚಿನ್ನದ ಗಲ್ಲಿಯಲ್ಲಿ ಯಶ್ವಂತ್ ಶೇಟರ ಅಂಗಡಿ ಹಳೆಯದು. ಅಲ್ಲಿ ಒಂದು ಪದ್ಧತಿ. ಆಯುಧಪೂಜೆಯ ದಿನ ಬೂಬಣ್ಣ ಸ್ನಾನ ಮಾಡಿ ಬಂದು, ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒರೆಸಿ, ತೂಕ ಹೊಂದಿಸುವ ಅದರ ಕ್ಯಾಲ್ ಗುಂಡಿ ಒತ್ತಿ, ಚಿಮಟದಿಂದ ನೂರು ಗ್ರಾಮಿನ ಬಟ್ಟು ಇಡುತ್ತಾರೆ. ಇಷ್ಟು ಎಳೆತ ಬಂದರೆ ನೂರು ಗ್ರಾಂ ಎಂದು ತಿಳಿ ಎಂದು ತಕ್ಕಡಿಗೆ ವರ್ಷಕ್ಕೊಮ್ಮೆ ಪಾಠ ಹೇಳಿಕೊಡುವ ಕ್ರಮ ಅದು. ನೂರರ ಮುಂದೆ ಮೂರು ಸೊನ್ನೆ ಬಂದು ನಿಂತ ಮೇಲೆ ಗುಂಡಿಯ ಮೇಲೆ ಒಂದು ಚುಕ್ಕಿ ಕುಂಕುಮ. ಮುಂದಿನ ಆಯುಧಪೂಜೆಯವರೆಗೆ ಆ ಗುಂಡಿಯನ್ನು ಯಾರೂ ಮುಟ್ಟಬಾರದು. ಈ ನಿಯಮ ಮಾಡಿದ್ದು ಬೂಬಣ್ಣನೇ. ಕಂಡಕಂಡವರು ಗುಂಡಿ ಒತ್ತಿ ಕೆಡಿಸದಿರಲಿ ಎಂದು ಕುಂಕುಮ ಇಟ್ಟದ್ದು. ಇಪ್ಪತ್ತು ವರ್ಷದಲ್ಲಿ ಅದು ಶಾಸ್ತ್ರವಾಯಿತು. ತಕ್ಕಡಿಯ ಕೈಪಿಡಿಯಲ್ಲಿ “ಇಟ್ಟ ಜಾಗದಲ್ಲಿಯೇ ಹೊಂದಿಸಬೇಕು” ಎಂಬ ಸಾಲೂ ಇತ್ತು. ಅದು ಗಾಳಿಗೆ, ಅಲುಗಾಟಕ್ಕೆ ಹೇಳಿದ ಮಾತು ಎಂದು ಬೂಬಣ್ಣ ತಿಳಿದಿದ್ದರು.

ಈ ವರ್ಷ ಶೇಟರು ತಮ್ಮೂರು ಉಡುಪಿಯಲ್ಲಿ ಎರಡನೆಯ ಅಂಗಡಿ ತೆರೆದರು. ಅಲ್ಲಿಗೆ ಹೊಸ ತಕ್ಕಡಿ ಕೊಳ್ಳಬಹುದಿತ್ತು. ಆದರೆ ಕೈಗುಣದ ತಕ್ಕಡಿ ಇರುವಾಗ ಮೊದಲ ತೂಕ ಹೊಸದರಲ್ಲಿ ಏಕೆ? ಶೇಟರ ಸೊಸೆ ಸೋನಾಲಿ ಅದನ್ನು ದುಪ್ಪಟಿಯಲ್ಲಿ ಸುತ್ತಿ, ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಉಡುಪಿಯವರೆಗೆ ಕೂಸಿನಂತೆ ತೊಡೆಯ ಮೇಲೆಯೇ ಇಟ್ಟುಕೊಂಡು ಹೋದಳು. ಕುಂಕುಮ ಅಳಿಸಬಾರದೆಂದು ಗುಂಡಿಯ ಮೇಲೆ ತುಳಸಿ ಎಲೆ ಇಟ್ಟು ಟೇಪು ಹಚ್ಚಿದ್ದಳು.

ಹೊಸ ಅಂಗಡಿಯ ಮುಹೂರ್ತದ ಶುಕ್ರವಾರ ಹನ್ನೊಂದು ಗಂಟೆಗೆ ಬೂಬಣ್ಣ ಘಣಸೋಲಿಯ ಒಂದು ಕಿರಾಣಿ ಅಂಗಡಿಯಲ್ಲಿ ಕೂತಿದ್ದಾಗ ಫೋನು ಬಂತು.

“ಬೂಬಣ್ಣ, ನನ್ನ ಮರ್ಯಾದೆ ತೆಗೆದ್ರಿ ನೀವು.” ಶೇಟರ ದನಿ ತಣ್ಣಗಿತ್ತು. ತಣ್ಣಗಿರುವುದೇ ಭಯದ ವಿಷಯ.

“ಎಂತ ಆಯ್ತು ಶೇಟ್ರೆ?”

“ಮುಹೂರ್ತಕ್ಕೆ ಸೀಲಿನ ನೂರು ಗ್ರಾಮಿನ ಚಿನ್ನದ ಬಿಸ್ಕೆಟು ಇಟ್ಟೆ. ಊರಿನ ಹತ್ತು ಜನ ಎದುರಿದ್ರು. ಕಡಿಮೆ ತೋರಿಸ್ತು. ಮುಂಬಯಿ ತಕ್ಕಡಿ ಅಲ್ವಾ ಶೇಟ್ರೆ ಅಂತ ನಗಾಡಿದ್ರು. ನಿಮ್ಮ ಕೈ ಹೋಗಿದೆ ಬೂಬಣ್ಣ. ಹೋದ ಕೈಯಲ್ಲಿ ಇನ್ನು ಎಷ್ಟು ಅಂಗಡಿಯ ತಕ್ಕಡಿ ಹೊಂದಿಸಿದ್ದೀರೋ.”

“ಎಷ್ಟು ಕಡಿಮೆ?”

“ಅದು ನನಗೆ ಗೊತ್ತುಂಟು. ನಾಲ್ಕು ಜನರ ಬಾಯಲ್ಲಿ ಅದನ್ನು ಮತ್ತೆ ಕೇಳುವ ಆಸೆ ಇಲ್ಲ. ಆದಿತ್ಯವಾರ ತಕ್ಕಡಿ ವಾಪಸು ತರ್ತೇನೆ. ಗಲ್ಲಿಯವರ ಎದುರೇ ತೂಗುವ.”

ಬೂಬಣ್ಣ ಒಂದು ಕ್ಷಣ ಚೀಲ ನೋಡಿದರು. “ಆಯ್ತು. ತಪ್ಪು ನನ್ನದು ಅಂತ ಬಂದ್ರೆ ಈ ಚೀಲ ನಿಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗ್ತೇನೆ. ಮತ್ತೆ ಮುಟ್ಟುವುದಿಲ್ಲ.”

ಆ ಅಂಗಡಿಯಲ್ಲಿ ಅವರು ಹುರಿಗಡಲೆ ಕೇಳದೆ ಎದ್ದರು. ಕಿರಾಣಿಯವನಿಗೆ ಗಾಬರಿಯಾಗಿ ಪೊಟ್ಟಣ ಹಿಡಿದು ಸ್ಟೇಷನ್ನಿನವರೆಗೆ ಹಿಂದೆಯೇ ಬಂದ.

ಮನೆಯಲ್ಲಿ ಗಂಗಾ ಮುಖ ನೋಡಿಯೇ “ದಾದ ಆಂಡ್?” ಎಂದರು. ಏನಾಯಿತು ಎಂದು ಕೇಳುವುದಕ್ಕೆ ಆ ಮನೆಯಲ್ಲಿ ತುಳುವೇ ಬೇಕು. ಕೇಳಿದ ಮೇಲೆ ಕನ್ನಡಕ್ಕೆ ಬಂದರು. “ಕೈ ನಡುಗಿತಂತಾ? ನಲ್ವತ್ತು ವರ್ಷದಿಂದ ಚಹಾ ಕೊಡ್ತಾ ಇದ್ದೇನೆ. ಒಂದು ಹನಿ ಲೋಟೆಯಿಂದ ಹೊರಗೆ ಬಿದ್ದದ್ದು ನೋಡ್ಲಿಲ್ಲ. ಶೇಟರಿಗೆ ಹೇಳಿ, ಚಹಾ ಕುಡಿಸಿ ನೋಡ್ಲಿಕ್ಕೆ.”

ಬೂಬಣ್ಣ ನಗಲಿಲ್ಲ. ಕೈ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬೆರಳುಗಳು ಸ್ಥಿರವಾಗಿದ್ದವು. ಆದರೆ ಕೈಗೆ ಕೈಯನ್ನೇ ಸಾಕ್ಷಿ ಕರೆಯುವುದು ಹೇಗೆ? ಒಂದು ತಕ್ಕಡಿ ತಪ್ಪಿದೆ ಎಂದರೆ ಮೂವತ್ತೆಂಟು ವರ್ಷದ ಎಲ್ಲ ತಕ್ಕಡಿಗಳೂ ಒಟ್ಟಿಗೆ ಎದ್ದು ನಿಂತು ಮುಖ ನೋಡುತ್ತವೆ.

ಶನಿವಾರ ಬೆಳಿಗ್ಗೆ ಅವರು ನೇರ ಅಪರ್ಣಾ ಮೇಡಂ ಅವರ ಲ್ಯಾಬಿಗೆ ಹೋದರು. ಅಲ್ಲಿ ಸೀಲು ಹಾಕಿದ ಒಂದು ಬಟ್ಟಿನ ಪೆಟ್ಟಿಗೆ ಇದೆ. ವರ್ಷಕ್ಕೊಮ್ಮೆ ಮಾತ್ರ ತೆರೆಯುವುದು. ಒಂದು ತಕ್ಕಡಿ ತಪ್ಪಿತಂತೆ ಎಂದಷ್ಟೇ ಹೇಳಿ, ತಮ್ಮ ನೂರು ಗ್ರಾಮನ್ನೂ ಅದರ ನೂರು ಗ್ರಾಮನ್ನೂ ಒಂದಾದ ಮೇಲೊಂದು ತೂಗಿದರು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬಟ್ಟು ಸರಿ. ಹಾಗಾದರೆ ಕೈ. ಬೂಬಣ್ಣ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಹಾಕಿದರು.

“ಬಂದದ್ದು ಬಂದೀರಿ, ಈ ವರ್ಷದ ಕೊಸರು ಒಯ್ದುಬಿಡ್ರಿ,” ಎಂದರು ಮೇಡಂ. ಮನಸ್ಸು ಬೇರೆ ಕಡೆ ತಿರುಗಲಿ ಎಂಬ ಕರುಣೆ ಅದರಲ್ಲಿ ಇತ್ತು. “ಯಾವ ಗ್ರಹ ಕೊಡ್ಲಿ?”

“ಯಾವುದು ಉಳಿದಿದೆ ಮೇಡಂ? ಎಲ್ಲ ಆಯ್ತಲ್ಲ.”

“ಒಂದ ಉಳದೈತಿ. ಹದಿನಾಲ್ಕು ವರ್ಷ ಆತು, ನಿಮ್ಮ ಚಪ್ಪಲಿ ಕೆಳಗಿಂದು ನೀವು ಕೇಳೇ ಇಲ್ಲ.”

ಬೂಬಣ್ಣ ಕೆಳಗೆ ನೋಡಿದರು. ಚಪ್ಪಲಿ, ಅದರ ಕೆಳಗೆ ಲ್ಯಾಬಿನ ಕಲ್ಲಿನ ನೆಲ, ಅದರ ಕೆಳಗೆ ಮೊದಲ ಮಹಡಿ, ಅದರ ಕೆಳಗೆ ಕಲ್ಯಾಣ. ಅದೆಲ್ಲದರ ಕೆಳಗೆ ಇರುವುದನ್ನು ಅವರು ಯಾವತ್ತೂ ಕೊಸರಿಗೆ ಕೇಳಿರಲಿಲ್ಲ. ಮನೆಯದನ್ನು ಯಾರು ಕೊಸರಿಗೆ ಕೇಳುತ್ತಾರೆ?

ಮೇಡಂ ಬೋರ್ಡಿನ ಮೇಲೆ ಒಂದು ಉಂಡೆ ಬರೆದು, ನಡುವಿನಲ್ಲಿ ತುಸು ಅಗಲ ಮಾಡಿದರು. “ಶನಿಯಷ್ಟು ಇಲ್ರಿ. ಆದ್ರ ಇದೂ ತಿರಗತೈತಿ, ಇದಕ್ಕೂ ಸೊಂಟ ಐತಿ. ಧ್ರುವದಾಗ ನಿಂತವರಿಗಿಂತ ಸೊಂಟದ ಮ್ಯಾಲ ನಿಂತವರು ಭೂಮಿ ನಡುವಿನಿಂದ ಇಪ್ಪತ್ತೊಂದು ಕಿಲೋಮೀಟರು ಹೆಚ್ಚು ದೂರ ಇರ್ತಾರ.”

“ಠಾಣೆ-ಕಲ್ಯಾಣ,” ಎಂದರು ಬೂಬಣ್ಣ ಕನಸಿನಲ್ಲಿ ಮಾತಾಡಿದ ಹಾಗೆ.

“ಅಷ್ಟ. ದೂರ ಆದಂಗ ಎಳತ ಕಡಿಮಿ. ಮ್ಯಾಲ ಗಿರಕಿ ಬ್ಯಾರೆ ಹೊರಗ ನೂಕತೈತಿ. ಅದಕ್ಕ ದಕ್ಷಿಣಕ್ಕ ಹೋದಂಗ ಹೋದಂಗ...”

ಮುಂದಿನದನ್ನು ಬೂಬಣ್ಣ ಕೇಳಲಿಲ್ಲ. ಕಣ್ಣ ಮುಂದೆ ಅಪ್ಪನ ಚಕ್ರ ತಿರುಗುತ್ತಿತ್ತು, ಅದರ ಮೇಲೆ ಹಸಿ ಮಣ್ಣು, ಮಣ್ಣಿನ ಮೇಲೆ ಮೆತ್ತಿದ ಎರಡು ಎಳ್ಳು ಕಾಳು. ಒಂದು ಕಲ್ಯಾಣ, ಇನ್ನೊಂದು ಅದಕ್ಕಿಂತ ಸ್ವಲ್ಪ ಕೆಳಗೆ, ಸೊಂಟದ ಉಬ್ಬಿಗೆ ಹತ್ತಿರ.

“ಮೇಡಂ,” ಎಂದರು ಮೆಲ್ಲಗೆ. “ಉಡುಪಿ ಹೊಟ್ಟೆಯ ಕಡೆಗೆ ಬಂತು, ಅಲ್ವಾ?”

ಮೇಡಂ ಚಾಕ್‌ಪೀಸು ಹಿಡಿದ ಕೈ ನಿಂತಿತು. ಅವರು ತಿರುಗಿ ಬೂಬಣ್ಣನನ್ನು ನೋಡಿದರು, ಚೀಲ ನೋಡಿದರು, ಆಮೇಲೆ ನಕ್ಕರು. “ಅಯ್ಯ ಶಿವನ. ಕಲ್ಯಾಣದಾಗ ಕಲಿಸಿದ ತಕ್ಕಡಿ ಉಡುಪಿಗೆ ಒಯ್ದಾರಾ? ಗುಂಡಿ ಒತ್ತಲಾರದ?”

“ಒತ್ತಬಾರದು ಅಂತ ನಾನೇ ಕುಂಕುಮ ಇಟ್ಟದ್ದು.”

“ಹಳೇ ಎರಡು ತಟ್ಟಿ ತಕ್ಕಡಿ ಆಗಿದ್ರ ಗೊತ್ತ ಆಗ್ತಿರ್ಲಿಲ್ರಿ. ಬಟ್ಟೂ ಹಗುರ, ಬಂಗಾರಾನೂ ಹಗುರ, ಎರಡೂ ಒಂದ ಸಮ. ಇದು ಎಳತ ಒಂದನ್ನ ಅಳೀತೈತಿ. ಕಲ್ಯಾಣದ ಎಳತ ಕಲಿಸಿ ಉಡುಪಿದು ತೋರಿಸಿದ್ರ ಪಾಪ ಅದರ ತಪ್ಪೇನು?” ಮೇಡಂ ಬೋರ್ಡಿನ ತುಂಬ ಲೆಕ್ಕ ಹಾಕಿದರು. ಎರಡು ಊರಿನ ಅಕ್ಷಾಂಶ, ಒಂದು ಉದ್ದದ ಸೂತ್ರ, ಕೊನೆಗೆ ಒಂದು ಸಂಖ್ಯೆಯ ಸುತ್ತ ಗೆರೆ. ಅದನ್ನು ಚೀಟಿಯಲ್ಲಿ ಬರೆದು ಮಡಚಿ ಕೊಟ್ಟರು. “ಒಂದು ಮಿಲಿಗ್ರಾಂ ಆಕಡಿ ಈಕಡಿ ಇರಬಹುದು. ಈ ವರ್ಷದ ಕೊಸರು ಇದ.”

ಆದಿತ್ಯವಾರ ಹತ್ತು ಗಂಟೆಗೆ ಶೇಟರ ಅಂಗಡಿಯಲ್ಲಿ ಗಲ್ಲಿಯ ಆರೇಳು ಮಂದಿ ಸೇರಿದ್ದರು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಇನ್ನೊಬ್ಬನ ಮಾನ ತೂಗುವುದಕ್ಕೆ ಯಾವ ವ್ಯಾಪಾರಿಯೂ ಬಿಡುವು ಮಾಡಿಕೊಳ್ಳುತ್ತಾನೆ. ಬೂಬಣ್ಣ ಮೊದಲು ಚೀಲವನ್ನು ಮೆಟ್ಟಿಲ ಮೇಲೆ ಇಟ್ಟರು. ಆಮೇಲೆ ಒಳಗೆ ಬಂದು, ಜೇಬಿನಿಂದ ಚೀಟಿ ತೆಗೆದು ದೇವರ ದೀಪದ ಕೆಳಗೆ ಇಟ್ಟರು.

“ಅದೆಂತ, ಮಂತ್ರವಾ?” ಎಂದರು ಶೇಟರು.

“ಆಮೇಲೆ ಹೇಳ್ತೇನೆ. ಮೊದಲು ತೂಗಿ.”

ಸೋನಾಲಿ ತಕ್ಕಡಿಯ ದುಪ್ಪಟಿ ಬಿಚ್ಚಿದಳು. ತುಳಸಿ ಎಲೆ ಬಾಡಿತ್ತು, ಕುಂಕುಮ ಹಾಗೆಯೇ ಇತ್ತು. ತಕ್ಕಡಿ ಬೆಚ್ಚಗಾಗುವವರೆಗೆ ಅರ್ಧ ಗಂಟೆ ಎಲ್ಲರೂ ಕಾದರು. ಶೇಟರು ಉಡುಪಿಯಲ್ಲಿ ಇಟ್ಟ ಅದೇ ಬಿಸ್ಕೆಟನ್ನು ಇಟ್ಟರು. ಅಂಕಿಗಳು ಮೇಲೆ ಹೋದವು, ಕೆಳಗೆ ಬಂದವು, ನಿದ್ದೆಗೆ ಜಾರುವವನ ಉಸಿರಿನ ಹಾಗೆ ನಿಧಾನವಾದವು. ಬೂಬಣ್ಣ ಅಂಕಿ ನೋಡಲಿಲ್ಲ, ತಮ್ಮ ಬೆರಳುಗಳನ್ನು ನೋಡುತ್ತಿದ್ದರು.

ನೂರು. ಮುಂದೆ ಮೂರು ಸೊನ್ನೆ.

ಗಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಶೇಟರು ಬಿಸ್ಕೆಟು ತೆಗೆದು, ತಿರುಗಿಸಿ ಮತ್ತೆ ಇಟ್ಟರು. ಮತ್ತೆ ಅದೇ.

“ಇಲ್ಲಿ ಸತ್ಯ, ಅಲ್ಲಿ ಸುಳ್ಳಾ?” ಎಂದರು ಶೇಟರು. “ದಾರಿಯಲ್ಲಿ ಮನಸ್ಸು ಬದಲಾಯಿಸಿತಾ ಇದು?”

“ಚೀಟಿ ನೋಡಿ ಶೇಟ್ರೆ. ಉಡುಪಿಯಲ್ಲಿ ತೋರಿಸಿದ್ದು ಅದರಲ್ಲಿ ಉಂಟು.”

ಶೇಟರು ಚೀಟಿ ಬಿಚ್ಚಿದರು. ತೊಂಬತ್ತೊಂಬತ್ತು, ಮುಂದೆ ಒಂಬತ್ತು ಏಳು ಒಂದು. ಇಪ್ಪತ್ತೊಂಬತ್ತು ಮಿಲಿಗ್ರಾಂ ಕಡಿಮೆ. ಅವರು ಅದನ್ನು ಎರಡು ಸಲ ಓದಿ, ಸೊಸೆಯ ಕಡೆ ತಿರುಗಿದರು. “ನೀನು ಹೇಳಿದ್ಯಾ?”

“ಮೀ ನಾಹಿ ಬಾಬಾ,” ನಾನಲ್ಲ ಎಂದು ತಲೆಯಾಡಿಸಿದಳು ಸೋನಾಲಿ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿಯೇ ಹುಟ್ಟುತ್ತದೆ.

“ಯಾರೂ ಹೇಳ್ಲಿಲ್ಲ. ಭೂಮಿಯ ಸೊಂಟ ಹೇಳಿದ್ದು,” ಎಂದರು ಬೂಬಣ್ಣ. ಆಮೇಲೆ ಕೌಂಟರಿನ ಮೇಲೆ ಬೆರಳಿನಿಂದ ಉಂಡೆ ಬರೆದು, ಚಕ್ರ, ಮಣ್ಣು, ಗಿರಕಿ ಎಲ್ಲ ಹೇಳಿದರು. ಭೂಮಿಯನ್ನು ಉರುಟು ಮಾಡಿದ್ದು ಅದರ ತೂಕವೇ, ಆ ಉರುಟನ್ನು ತುಸು ಕೆಡಿಸಿದ್ದು ಅದರ ತಿರುಗಾಟ, ಆ ಕೆಟ್ಟ ಉರುಟಿನ ಉಬ್ಬಿನ ಕಡೆ ನಮ್ಮೂರು. ಶೇಟರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

“ಅಂದ್ರೆ ಊರಿಗೆ ಹೋದ್ರೆ ನಾನೂ ಹಗುರ ಆಗ್ತೇನಾ?”

“ನೀವು ಇಪ್ಪತ್ತೇಳು ಗ್ರಾಂ ಕಡಿಮೆ ಆಗ್ಬಹುದು. ನಾನು ಹದಿನೇಳು.”

“ಅದಕ್ಕೇ ಅಲ್ಲಿ ಹೋದ ಕೂಡಲೇ ಮೈ ಹಗುರ ಅನ್ನಿಸುವುದು. ನಾನು ಸಮುದ್ರದ ಗಾಳಿ ಅಂದುಕೊಂಡಿದ್ದೆ.” ಗಲ್ಲಿ ನಕ್ಕಿತು. ಶೇಟರು ನಗಲಿಲ್ಲ. ಎದ್ದು ಹೊರಗೆ ಹೋಗಿ, ಮೆಟ್ಟಿಲ ಮೇಲಿನ ಚೀಲವನ್ನು ಎತ್ತಿದರು. ಹದಿಮೂರು ಕಿಲೋ ಎಂದು ಗೊತ್ತಿರಲಿಲ್ಲ, ಸ್ವಲ್ಪ ಬಾಗಿದರು. ತಂದು ಬೂಬಣ್ಣನ ಎಡ ಹೆಗಲಿಗೆ ತಾವೇ ಹಾಕಿದರು. “ತಪ್ಪಾಯ್ತು ಬೂಬಣ್ಣ. ಕೊಸರು ಎಂತ ಬೇಕು ಹೇಳಿ.”

“ಉಡುಪಿಯ ತಕ್ಕಡಿ ನಾನೇ ಉಡುಪಿಯಲ್ಲಿ ಹೊಂದಿಸ್ತೇನೆ. ನನ್ನದೂ ತಪ್ಪುಂಟು. ಗುಂಡಿ ಮುಟ್ಟಬೇಡಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ಊರು ಬದಲಾದ್ರೆ ಮುಟ್ಟಬೇಕು ಅಂತ ನನಗೂ ಗೊತ್ತಿರ್ಲಿಲ್ಲ.”

ಮುಂದಿನ ವಾರ ಬೂಬಣ್ಣ ಶೇಟರ ಜೊತೆ ಮತ್ಸ್ಯಗಂಧದಲ್ಲಿ ಹೋದರು. ತಕ್ಕಡಿ ಈ ಸಲ ಅವರ ತೊಡೆಯ ಮೇಲಿತ್ತು. ರೋಹಾ ಕಳೆಯಿತು, ರತ್ನಾಗಿರಿ ಕಳೆಯಿತು. ಗಾಡಿ ಮಣ್ಣಿನ ಉಬ್ಬಿನ ಮೇಲೆ ಇಳಿದು ಹೋಗುತ್ತಿದೆಯೋ ಹತ್ತುತ್ತಿದೆಯೋ ಎಂದು ಅವರಿಗೆ ಹೊಳೆಯಲಿಲ್ಲ. ಎರಡೂ ನಿಜ ಎಂದು ಅನ್ನಿಸಿತು. ಪ್ರತಿ ಸುರಂಗದ ಕತ್ತಲಲ್ಲಿಯೂ ಅಕ್ಕಿಕಾಳಿನಷ್ಟು, ಅದರ ನುಚ್ಚಿನಷ್ಟು, ತೂಕ ಕಳಚಿಕೊಳ್ಳುತ್ತಿರುವ ಹಾಗೆ.

ಉಡುಪಿಯ ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಶೇಟರು ಬಿಸ್ಕೆಟು ಇಟ್ಟರು. ಅಂಕಿ ಬಂದು ನಿಂತಿತು: ತೊಂಬತ್ತೊಂಬತ್ತು, ಮುಂದೆ ಒಂಬತ್ತು ಏಳು ಒಂದು. ಬೂಬಣ್ಣನ ಬೆರಳು ಗುಂಡಿಯ ಹತ್ತಿರ ಹೋಯಿತು, ಒತ್ತಲಿಲ್ಲ. ಆ ಇಪ್ಪತ್ತೊಂಬತ್ತು ಮಿಲಿಗ್ರಾಮಿನ ಕೊರತೆಯಲ್ಲಿ ಅವರು ಇಡೀ ಭೂಮಿಯನ್ನು ನೋಡುತ್ತಿದ್ದರು. ಅದು ಒದ್ದೆ ಮುದ್ದೆಯ ಹಾಗೆ ಮೆಲ್ಲಗೆ ತಿರುಗುತ್ತಿತ್ತು, ಸೊಂಟ ತುಸು ಅಗಲಿಸಿಕೊಂಡು, ಯಾರ ಕೈಯೂ ಸೋಕದೆ, ತನ್ನ ಭಾರವನ್ನು ತಾನೇ ಹಿಡಿದುಕೊಂಡು. ಹದಿನಾಲ್ಕು ವರ್ಷ ಚಿತ್ರದಲ್ಲಿ ನೋಡಿದ ಗ್ರಹಗಳಲ್ಲಿ ಇದೊಂದನ್ನು ಮಾತ್ರ ಅವರು ತಮ್ಮ ತಕ್ಕಡಿಯಲ್ಲಿ ಕಂಡರು.

“ಎಂತ ಬೂಬಣ್ಣ, ಒತ್ತುವುದಿಲ್ವಾ?” ಎಂದರು ಶೇಟರು.

“ಒತ್ತುವ. ಸ್ವಲ್ಪ ಹೊತ್ತು ಇರ್ಲಿ.”

ಆಮೇಲೆ ಒತ್ತಿದರು, ಬಟ್ಟು ಇಟ್ಟರು, ಮೂರು ಸೊನ್ನೆ ಬಂದವು. ಕುಂಕುಮ ಇಡಲಿಲ್ಲ. ಬದಲಿಗೆ ತಕ್ಕಡಿಯ ಬೆನ್ನಿಗೆ ಒಂದು ಚೀಟಿ ಅಂಟಿಸಿದರು: ಈ ತಕ್ಕಡಿ ಉಡುಪಿಯದು.

ಇದನ್ನು ಬರೆದವನೂ ತೂಗಿ ಮಾರುವವನೇ. ತನ್ನ ಲೆಕ್ಕಕ್ಕೆ ಹೊಂದದ ಲೆಕ್ಕ ಕಂಡಾಗ ಎದುರಿನವನನ್ನು ಕಳ್ಳನೆನ್ನುವ ಮೊದಲು, ನಿನ್ನ ತಕ್ಕಡಿ ಎಲ್ಲಿ ನಿಂತಿದೆ ಎಂದು ಕೇಳುವುದನ್ನು ಅವನು ಕಲಿತದ್ದು ಬೂಬಣ್ಣನಿಂದ. ಅಷ್ಟು ಋಣ ಅವನ ಮೇಲಿದೆ.